ನಂದಕಿಶೋರನ ಜಿಪಿಎಸ್ ಗುಂಡಿಗೆ ಬಿದ್ದದ್ದು

ಮುಳಬಾಗಿಲಿನ ನಂದಕಿಶೋರನಿಗೆ ಅಸಹ್ಯವಾಗದ ವಸ್ತು ಈ ಭೂಮಿಯ ಮೇಲೆ ಬಹಳ ಇರಲಿಲ್ಲ. ಹೋಟೆಲಿನ ಲೋಟದ ಅಂಚು, ಬಸ್ಸಿನ ಕಿಟಕಿಯ ಕಂಬಿ, ಮದುವೆ ಮನೆಯಲ್ಲಿ ಪಕ್ಕದೆಲೆಯವರು ಸಾರನ್ನು ಸೊರ್ರೆಂದು ಎಳೆಯುವ ಸದ್ದು, ಎಲ್ಲಕ್ಕೂ ಅವನ ಮೂಗು ಒಂದು ಕಡೆಗೆ ಸೊಟ್ಟಗಾಗುತ್ತಿತ್ತು. ಹೆಣ್ಣು ನೋಡಲು ಹೋದ ಮನೆಯೊಂದರಲ್ಲಿ ಕಾಫಿಯ ಲೋಟದ ತಳಕ್ಕೆ ಹಿಂದಿನ ದಿನದ ಹಾಲಿನ ಕೆನೆ ಅಂಟಿಕೊಂಡಿದ್ದು ಕಂಡು ಹುಡುಗಿಯ ಮುಖವನ್ನೂ ಸರಿಯಾಗಿ ನೋಡದೆ ಎದ್ದು ಬಂದಿದ್ದ. ಆಮೇಲೆ ಅಂಥ ಮನೆಗಳಿಗೆ ಅವನನ್ನು ಕರೆದುಕೊಂಡು ಹೋಗುವುದನ್ನೇ ತಾಯಿ ಜಾನಕಮ್ಮ ಬಿಟ್ಟುಬಿಟ್ಟರು. ಬೀದಿಯವರು ಅವನಿಗಿಟ್ಟ ಹೆಸರು ‘ಛೀಥೂ ಕಿಶೋರ’.

ತಂದೆ ಕೃಷ್ಣಮೂರ್ತಿಗಳು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆದು ತೀರಿಕೊಂಡವರು. ಮಗನೂ ಬಿ.ಕಾಂ. ಓದಿ ಅದೇ ದಾರಿ ಹಿಡಿದ. ಆದರೆ ಎಲ್ಲೂ ನಿಲ್ಲಲಿಲ್ಲ. ಒಂದು ಕಡೆ ಯಜಮಾನ ಪೆನ್ಸಿಲಿನ ತುದಿಯಿಂದ ಕಿವಿ ಕೆರೆದುಕೊಂಡು ಅದೇ ಪೆನ್ಸಿಲನ್ನು ಇವನ ಕೈಗೆ ಕೊಡುತ್ತಿದ್ದ. ಇನ್ನೊಂದು ಕಡೆ ಪಕ್ಕದ ಮೇಜಿನವನು ಮಧ್ಯಾಹ್ನ ಊಟವಾದ ಮೇಲೆ ಡಬ್ಬಿಯೊಳಗೇ ಕೈತೊಳೆದು ಆ ನೀರನ್ನು ಕುಡಿಯುತ್ತಿದ್ದ. ಹೀಗಾಗಿ ಎರಡು ಸಾವಿರದ ಏಳನೇ ಇಸವಿಯಲ್ಲಿ, ನಕ್ಷೆ ಮಾಡುವ ಬೆಂಗಳೂರಿನ ಒಂದು ಕಂಪನಿಗೆ ಸ್ವಂತ ಬೈಕು ಇರುವ ಪದವೀಧರರು ಬೇಕು ಎಂದು ತಿಳಿದಾಗ ಅವನಿಗೆ ಸ್ವರ್ಗವೇ ಬಾಗಿಲು ತೆರೆದಂತಾಯಿತು. ದಿನವಿಡೀ ಗಾಳಿಯಲ್ಲಿ ಒಬ್ಬನೇ. ಯಾರ ಲೋಟವೂ ಇಲ್ಲ, ಯಾರ ಪೆನ್ಸಿಲೂ ಇಲ್ಲ.

ಕೆಲಸ ಕೇಳಲಿಕ್ಕೆ ಸುಲಭವಾಗಿತ್ತು. ಕಂಪನಿ ಸೋಪಿನ ಗಾತ್ರದ ಒಂದು ಜಿಪಿಎಸ್ ಯಂತ್ರ ಕೊಡುತ್ತದೆ. ಅದನ್ನು ಬೈಕಿನ ಹ್ಯಾಂಡಲಿಗೆ ಕಟ್ಟಿಕೊಂಡು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರಸ್ತೆರಸ್ತೆಯಲ್ಲೂ ಓಡಾಡಬೇಕು. ಆಕಾಶದ ಉಪಗ್ರಹಗಳನ್ನು ಹಿಡಿದುಕೊಂಡು ಯಂತ್ರ ತಾನೇ ಒಂದು ಗೆರೆ ಎಳೆಯುತ್ತಾ ಹೋಗುತ್ತದೆ. ಆ ಗೆರೆಯೇ ನಾಳೆ ನಕ್ಷೆಯ ರಸ್ತೆ. ದಾರಿಯಲ್ಲಿ ಸಿಗುವ ಶಾಲೆ, ಗುಡಿ, ಅಂಗಡಿಗಳ ಎದುರು ನಿಂತು ಒಂದು ಗುಂಡಿ ಒತ್ತಿದರೆ ಅವೂ ನಕ್ಷೆಗೆ ಸೇರುತ್ತವೆ.

ಹೊರಟ ಮೇಲೆ ಗೊತ್ತಾಯಿತು, ಈ ಜಿಲ್ಲೆಯ ರಸ್ತೆಗಳಿಗೆ ಮೂಗು ಇರುವವನು ಬರಬಾರದು ಎಂದು. ಮಾಲೂರಿನ ಕಡೆ ಕೋಳಿಫಾರಂಗಳ ಗೊಬ್ಬರದ ಮೂಟೆಗಳು ರಸ್ತೆಯಂಚಿನಲ್ಲಿ ಬೆವರುತ್ತಿದ್ದವು. ಹುತ್ತೂರಿನ ಕಡೆ ರೇಷ್ಮೆ ಬಿಚ್ಚುವ ಮನೆಗಳ ಮುಂದೆ ಬೆಂದ ಹುಳುಗಳ ರಾಶಿ. ಆ ನಾತ ಅಂಗಿಯ ನೂಲಿನೊಳಗೆ ಹೊಕ್ಕು ಕೂತರೆ ಎರಡು ಒಗೆತಕ್ಕೂ ಬಿಡದು. ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಂಡಿಗಳ ಹಿಂದೆ ಕೊಳೆತ ಮಾವು, ಅದರ ಮೇಲೆ ಕಪ್ಪು ಕಂಬಳಿ ಹೊದಿಸಿದಂತೆ ನೊಣ. ಬೆಳಿಗ್ಗೆ ಬೇಗ ಹೊರಟರೆ ಊರ ಮುಂದಿನ ರಸ್ತೆಯ ಎರಡೂ ಬದಿಗೆ ಚೊಂಬು ಹಿಡಿದು ಕೂತವರು ಬೈಕಿನ ಸದ್ದಿಗೆ ಎದ್ದು ನಿಂತು, ಇವನು ದಾಟಿದ ಮೇಲೆ ಮತ್ತೆ ಕೂರುತ್ತಿದ್ದರು. ನಂದಕಿಶೋರ ಮುಖಕ್ಕೆ ಕರ್ಚೀಫು ಕಟ್ಟಿಕೊಂಡು, ಮನೆಯ ನೀರಿನ ಬಾಟಲಿ ಮತ್ತು ಸೋಪಿನ ಡಬ್ಬಿ ಇಟ್ಟುಕೊಂಡು, ಹಲ್ಲುಕಚ್ಚಿ ಓಡಿಸಿದ.

ಅದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಕಂಪನಿಯವರು ಯಂತ್ರದ ಜೊತೆ ಕೊಟ್ಟ ಪ್ಲಾಸ್ಟಿಕ್ ಹಿಡಿ. ಯಾವುದೋ ದೇಶದ ನುಣುಪು ರಸ್ತೆಯ ಸೈಕಲ್ಲಿಗೆಂದು ಮಾಡಿದ್ದು ಅದು. ಹ್ಯಾಂಡಲಿನ ಕೊಳವೆಗೆ ಸುತ್ತಿ ಒಂದು ತಿರುಪು ಬಿಗಿಯಬೇಕು, ಮೇಲಿನ ಕಚ್ಚಿನಲ್ಲಿ ಯಂತ್ರವನ್ನು ಜಾರಿಸಿ ಸಿಕ್ಕಿಸಬೇಕು. ಇಂಜಿನ್ನಿನ ನಡುಕಕ್ಕೆ ತಿರುಪು ಸಡಿಲವಾಗಿ ಯಂತ್ರ ಬಾವಲಿಯಂತೆ ಹ್ಯಾಂಡಲಿನ ಕೆಳಗೆ ತಲೆಕೆಳಗಾಗಿ ಜೋತುಬೀಳುತ್ತಿತ್ತು. ತಾಯಲೂರಿನ ರಸ್ತೆಯ ಒಂದು ಉಬ್ಬಿನಲ್ಲಿ ಮೊದಲ ಸಲ ಹಾರಿಬಿದ್ದಾಗ ಅದು ಹೋಗಿ ಕೂತದ್ದು ಆಗತಾನೇ ಎಮ್ಮೆ ಹಾಕಿ ಹೋಗಿದ್ದ ಸಗಣಿಯಲ್ಲಿ. ನಂದಕಿಶೋರ ಎರಡು ಕಡ್ಡಿಗಳಿಂದ ಅದನ್ನು ಎತ್ತಿ, ಬಾಟಲಿಯ ನೀರೆಲ್ಲ ಸುರಿದು ತೊಳೆದು, ಅಂದಿಡೀ ನೀರು ಕುಡಿಯದೆ ತಿರುಗಿದ.

ಆಮೇಲೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ. ಯಂತ್ರ ಬೀಳಲಿಲ್ಲ. ಆದರೆ ಪಟ್ಟಿ ಪಕ್ಕದ ಗುಂಡಿಯನ್ನು ಒತ್ತಿಕೊಂಡು ಕೂತು ಯಂತ್ರವೇ ಆರಿಹೋಗಿತ್ತು, ಹೋಳೂರಿನ ಸುತ್ತ ಒಂದಿಡೀ ದಿನ ತಿರುಗಿದ್ದಕ್ಕೆ ಒಂದು ಗೆರೆಯೂ ಬರಲಿಲ್ಲ. ಪಟ್ಟಿಯನ್ನು ಮೇಲಕ್ಕೆ ಸರಿಸಿ ಕಟ್ಟಿದರೆ ಪರದೆ ಮುಚ್ಚಿಹೋಗಿ ಏನೂ ಕಾಣದು. ಅಂಗಿಯ ಜೇಬಿನಲ್ಲಿಟ್ಟುಕೊಂಡರೆ ಆಕಾಶ ಸಿಗದೆ ಗೆರೆ ಹೊಲ, ಕೆರೆ, ಮನೆಗಳ ಮೇಲೆಲ್ಲ ಹತ್ತಿ ಇಳಿಯಿತು.

ಕೋಲಾರದಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಕಂಪನಿಯ ಕೋಣೆಯಿತ್ತು. ಅಲ್ಲಿ ಕೂರುತ್ತಿದ್ದ ಮೇಲ್ವಿಚಾರಕ ಮಾಧವ್ ಆ ಗೆರೆಯನ್ನು ಕಂಪ್ಯೂಟರಿನಲ್ಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಏನ್ರೀ ಕಿಶೋರ್, ಇರುವೆ ಹೆಂಡ ಕುಡ್ಕೊಂಡು ಹೋದಂಗಿದೆ?”

“ಇನ್ನೊಂದು ಹಿಡಿ ತರಿಸಿಕೊಡಿ ಸಾರ್. ಇದು ನಿಲ್ಲಲ್ಲ.”

“ಬೇರೆ ಯಾರಿಗೂ ಬೀಳ್ತಿಲ್ಲ, ನಿಮ್ಗೊಬ್ರಿಗೇ ಯಾಕ್ರೀ ಬೀಳತ್ತೆ? ಮೆಲ್ಲಗೆ ಓಡ್ಸಿ.” ಹಾಗೆನ್ನುತ್ತಾ ಮಾಧವ್ ಹಲ್ಲಿನ ಸಂದಿಯಿಂದ ಏನನ್ನೋ ತೆಗೆದು, ನೋಡಿ, ಮೇಜಿನ ಅಂಚಿಗೆ ಒರೆಸಿದ. ನಂದಕಿಶೋರ ಮೆಟ್ಟಿಲಿಳಿದ.

ಇದಾದ ಕೆಲವು ವಾರಕ್ಕೆ ಅವನು ಶ್ರೀನಿವಾಸಪುರ ತಾಲ್ಲೂಕಿನ, ಆಂಧ್ರದ ಗಡಿಗೆ ಹತ್ತಿರದ ಒಂದು ದೊಡ್ಡ ಹಳ್ಳಿಗೆ ಹೋದ. ಆ ಊರಿನ ಹೆಸರು ಇಲ್ಲಿ ಬೇಡ. ಮುಖ್ಯ ಬೀದಿಯಲ್ಲಿ ಎರಡು ಅಂತಸ್ತಿನ ಮನೆಗಳು ಎದ್ದಿದ್ದವು, ಆ ಮನೆಗಳ ಕಕ್ಕಸುಗಳೆಲ್ಲ ಬೀದಿಯ ಪಕ್ಕದ ಒಂದೇ ಗುಂಡಿಗೆ ಇಳಿಯುತ್ತಿದ್ದವು. ಗುಂಡಿಯ ಮೇಲಿನ ಚಪ್ಪಡಿ ಎಂದೋ ಒಡೆದು ಅರ್ಧ ಬಾಯಿ ತೆರೆದುಕೊಂಡಿತ್ತು. ಅದಕ್ಕೆ ಎದುರಾಗಿಯೇ ಯಾರೋ ಮಣ್ಣು ಪೇರಿಸಿ ಉಬ್ಬು ಮಾಡಿದ್ದರು. ಬೈಕು ಉಬ್ಬು ಹತ್ತಿ ದಪ್ಪನೆ ಇಳಿದದ್ದೇ ಪ್ಲಾಸ್ಟಿಕ್ ಹಿಡಿ ಟಪ್ಪೆಂದು ಮುರಿಯಿತು. ಯಂತ್ರ ನೆಲಕ್ಕೆ ಬಡಿದು, ಒಂದು ಸಲ ಪುಟಿದು, ಗುಂಡಿಯ ಬಾಯೊಳಗೆ ಹೋಯಿತು. ಬಿದ್ದ ಸದ್ದೂ ಬರಲಿಲ್ಲ. ಅಷ್ಟು ಗಟ್ಟಿಯಾಗಿತ್ತು ಒಳಗಿನದು.

ನಂದಕಿಶೋರ ಬೈಕು ನಿಲ್ಲಿಸಿ, ಮೂಗು ಬಿಗಿಹಿಡಿದು ಇಣುಕಿದ. ತೋಳುದ್ದದ ಆಳದಲ್ಲಿ, ಬಿಳಿ ಹುಳುಗಳು ಮಿಸುಕಾಡುವ ಕೆನೆಯ ನಡುವೆ, ಯಂತ್ರದ ಒಂದು ಮೂಲೆ ಕಾಣುತ್ತಿತ್ತು. ಪರದೆ ಇನ್ನೂ ಬೆಳಗುತ್ತಿತ್ತು. ಅವನು ಗೋಡೆಯ ಪಕ್ಕಕ್ಕೆ ಹೋಗಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಾರಿದ.

ಎದುರಿಗೇ ಶ್ರೀನಿವಾಸಪ್ಪನ ಕಿರಾಣಿ ಅಂಗಡಿ. ಗುಂಡಿಗೆ ಸೇರುವ ಮನೆಗಳಲ್ಲಿ ಒಂದು ಅವನದೇ. ಟೀ ಕುಡಿಯುತ್ತಾ ಕೂತಿದ್ದವನು ಎದ್ದು ಬಂದು ಇಣುಕಿ ನೋಡಿದ.

“ಮೊಬೈಲಾ ಸಾಮಿ?”

“ಅಲ್ಲ, ಕಂಪನಿ ಯಂತ್ರ. ಅದು ಹೋದ್ರೆ ನನ್ನ ಕೆಲಸಾನೂ ಹೋಗತ್ತೆ.”

“ಅದಕ್ಯಾಕೆ ಅಷ್ಟೊಂದು ಗಾಬರಿ ಬೀಳ್ತೀರ? ಏಮ್ ಕಾದ್ಲೆ, ಏನೂ ಆಗಲ್ಲ. ಈಗ್ಲೇ ತೆಗಿಸಿಕೊಡ್ತೀನಿ.” ಶ್ರೀನಿವಾಸಪ್ಪ ಬೀದಿಯ ಕೊನೆಯ ಕಡೆ ತಿರುಗಿ ಕೂಗು ಹಾಕಿದ. “ಲೇ, ಮುನಿಶಾಮಮ್ಮೀ! ಬಾರೇ ಇಲ್ಲಿ, ಗುಂಡಿಗೇನೋ ಬಿದ್ದೈತೆ!”

ಆ ಕೂಗು ಕೇಳಿದಾಗ ನಂದಕಿಶೋರನಿಗೆ ನಿಜವಾಗಿಯೂ ಜೀವ ಬಂದಂತಾಯಿತು. ಯಾರೋ ಬರುತ್ತಾರೆ, ತೆಗೆಯುತ್ತಾರೆ, ತಾನು ದೂರ ನಿಂತರೆ ಸಾಕು. ಎರಡು ಹೆಜ್ಜೆ ಹಿಂದಕ್ಕೂ ಸರಿದ.

ಮುನಿಶಾಮಮ್ಮ ಬೀದಿ ಗುಡಿಸುವವಳು. ಅರವತ್ತರ ಮೇಲಿನ ಸಣಕಲು ಹೆಂಗಸು. ಉಣ್ಣುತ್ತಾ ಕೂತಿದ್ದವಳು ಅರ್ಧಕ್ಕೇ ಎದ್ದು ಬಂದಿದ್ದಳು. ಬಲಗೈ ಬೆರಳುಗಳಿಗೆ ರಾಗಿಮುದ್ದೆ, ಸೊಪ್ಪಿನ ಸಾರು ಇನ್ನೂ ಮೆತ್ತಿಕೊಂಡಿತ್ತು. ಏನು ಬಿದ್ದಿದೆ, ಯಾರದ್ದು ಎಂದು ಒಂದು ಮಾತೂ ಕೇಳಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಾಯಲ್ಲಿಟ್ಟು ಚೀಪಿ ಚೊಕ್ಕ ಮಾಡಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಂಡಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಅದೇ ಕೈಯನ್ನು ಒಳಕ್ಕೆ ಇಳಿಸಲು ಹೊರಟಳು.

ನಂದಕಿಶೋರನ ಕಣ್ಣು ಆ ಬೆರಳುಗಳ ಮೇಲೆಯೇ ನಿಂತಿತ್ತು. ಈಗ ತಾನೇ ಬಾಯಲ್ಲಿದ್ದ ಬೆರಳು. ಇದು ಮುಗಿದ ಮೇಲೆ ಮತ್ತೆ ಅರ್ಧಕ್ಕೆ ಬಿಟ್ಟ ಮುದ್ದೆಗೆ ಹೋಗುವ ಬೆರಳು. ಅವನಿಗೆ ಮತ್ತೆ ವಾಕರಿಕೆ ಬಂತು. ಈ ಸಲ ಅದು ಗುಂಡಿಯಿಂದ ಬಂದದ್ದಲ್ಲ. ಪಕ್ಕದಲ್ಲಿ ಶ್ರೀನಿವಾಸಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಟೀ ಲೋಟ ಹಿಡಿದು, ಟವೆಲ್ಲನ್ನು ಆಗಾಗ ಎತ್ತಿ ಒಂದೊಂದು ಗುಟುಕು ಹೀರುತ್ತಿದ್ದ. ಸೊರ್ ಸೊರ್ ಎಂದು.

“ಬೇಡ, ತೆಗೀಬೇಡಿ, ಏಳಿ,” ಎಂದ ನಂದಕಿಶೋರ.

ಮುನಿಶಾಮಮ್ಮ ತಲೆಯೆತ್ತಿ ನೋಡಿದಳು, ತನಗೆ ಹೇಳಿದ್ದೆಂದು ಗೊತ್ತಾಗಲಿಲ್ಲ.

“ಅವ್ಳಿಗೆ ಅಭ್ಯಾಸ ಸಾಮಿ,” ಎಂದು ಶ್ರೀನಿವಾಸಪ್ಪ ನಕ್ಕ. “ವಾಸನೇನೂ ಗೊತ್ತಾಗಲ್ಲ ಅವ್ರಿಗೆ.”

“ಯಾಕ್ ಗೊತ್ತಾಗಲ್ಲ?” ಎಂದಳು ಮುನಿಶಾಮಮ್ಮ ತನ್ನಷ್ಟಕ್ಕೆ. “ಮೂಗು ಐತಲ್ಲ.”

ನಂದಕಿಶೋರ ಬುಶ್ಶರ್ಟು ಬಿಚ್ಚಿ ಬೈಕಿನ ಮೇಲೆ ಎಸೆದ. ಅಲ್ಲಿ ನಿಂತವರು ‘ಅಯ್ಯೋ’ ಎನ್ನುವಷ್ಟರಲ್ಲಿ ಗುಂಡಿಯ ಅಂಚಿಗೆ ಹೊಟ್ಟೆಯ ಮೇಲೆ ಮಲಗಿ ಬಲಗೈ ಇಳಿಬಿಟ್ಟಿದ್ದ. ಒಳಗೆ ಬಿಸಿಯಾಗಿತ್ತು. ತಣ್ಣಗಿರುತ್ತದೆಂದುಕೊಂಡಿದ್ದ, ಬಿಸಿಯಾಗಿತ್ತು. ಅದು ಬೆರಳ ಸಂದಿಗಳಲ್ಲಿ ಏರಿ ಮಣಿಕಟ್ಟಿಗೆ ಬಂತು, ಮೊಣಕೈಗೆ ಬಂತು. ಯಂತ್ರ ಜಾರಿ ಇನ್ನಷ್ಟು ಕೆಳಕ್ಕೆ ಹೋಯಿತು. ಕೆನ್ನೆಯನ್ನು ಒಡೆದ ಚಪ್ಪಡಿಗೆ ಒತ್ತಿ, ಕಣ್ಣು ಮುಚ್ಚಿ, ಭುಜದವರೆಗೂ ಇಳಿಸಿದ ಮೇಲೆ ಬೆರಳಿಗೆ ಸಿಕ್ಕಿತು. ಮೇಲೆ ತಂದಾಗ ಪರದೆಯಲ್ಲಿ ಬೆಳಕು ಇನ್ನೂ ಇತ್ತು.

ಸುತ್ತ ನಿಂತಿದ್ದವರು ಒಟ್ಟಿಗೇ ಹಿಂದೆ ಸರಿದರು. ಶ್ರೀನಿವಾಸಪ್ಪನಂತೂ ಅಂಗಡಿಯ ಒಳಕ್ಕೇ ಹೋಗಿಬಿಟ್ಟ. ನೀರು ಕೇಳಿದರೆ ಅಲ್ಲಿಂದಲೇ ಕೈಯಾಡಿಸಿದ. “ಅಲ್ಲೇ ನಿಂತ್ಕೊಳಿ ಸಾಮಿ, ಒಳಗ್ ಬರ್ಬೇಡಿ. ಕೆರೆ ಕಡೆ ಹೋಗಿ. ದೊಡ್ಡ ಮನುಷ್ಯರು ಮಾಡೋ ಕೆಲ್ಸವಾ ಇದು? ಥೂ!”

ನೀರು ತಂದವಳು ಮುನಿಶಾಮಮ್ಮ. ತನ್ನ ಕೊಡದಿಂದ ಬಗ್ಗಿಸಿ ಬಗ್ಗಿಸಿ ಹಾಕಿದಳು. ಅವನ ಸೋಪು ಸವೆದು ಸಿಬಿರಾಗುವವರೆಗೂ ಅವನು ತೊಳೆದ. ಅವಳ ಮುಖದಲ್ಲಿ ಮೆಚ್ಚುಗೆಯೇನೂ ಇರಲಿಲ್ಲ, ಸಿಡಿಮಿಡಿಯಿತ್ತು. “ನಾನು ತೆಗಿತಿರ್ಲಿಲ್ವಾ? ಇನ್ನು ಊರೋರು ಒಂದು ವರ್ಸ ನನ್ನೇ ಅಂತಾರೆ, ಅಯ್ನೋರ ಕೈಲಿ ಮಾಡ್ಸಿದ್ಲು ಅಂತ,” ಎಂದು ಗೊಣಗಿದಳು. ಆಮೇಲೆ ಅವನ ಒಣಗಿದ ತುಟಿ ನೋಡಿ ಸ್ವಲ್ಪ ಮೆತ್ತಗಾಗಿ, “ಕುಡಿಯಕ್ ಬೇಕಾ ಸಾಮಿ?” ಎಂದಳು.

ಅವನಿಗೆ ಬೇಕಾಗಿತ್ತು. ಗಂಟಲು ಸುಡುತ್ತಿತ್ತು. ಕೊಡವನ್ನು ನೋಡಿದ, ಅವಳ ಬೆರಳುಗಳನ್ನು ನೋಡಿದ, “ಬೇಡ,” ಎಂದ. ಅವಳು ತಲೆಯಾಡಿಸಿ ಕೊಡ ಎತ್ತಿಕೊಂಡು ಹೊರಟಳು. ಅವಳಿಗೆ ಆಶ್ಚರ್ಯವೂ ಆಗಿರಲಿಲ್ಲ, ಬೇಜಾರೂ ಆಗಿರಲಿಲ್ಲ. ಮುಳಬಾಗಿಲಿನವರೆಗೂ ಬೈಕಿನಲ್ಲಿ ನಂದಕಿಶೋರನಿಗೆ ಕೈಯ ವಾಸನೆಗಿಂತ ಹೆಚ್ಚು ಅಸಹ್ಯವಾದದ್ದು ತಾನು ‘ಬೇಡ’ ಎಂದದ್ದು.

ಮನೆಯಲ್ಲಿ ನಡೆದದ್ದನ್ನು ಮುಚ್ಚಿಡುವುದು ಅವನಿಂದಾಗಲಿಲ್ಲ. ಜಾನಕಮ್ಮ ಬಚ್ಚಲಿಗೂ ಬಿಡದೆ ಹಿತ್ತಿಲ ನಲ್ಲಿಯ ಕೆಳಗೆ ಕೂರಿಸಿ, ಸೀಗೆಪುಡಿ, ಅರಿಸಿನ, ಬೇವಿನ ಸೊಪ್ಪು ಎಲ್ಲ ಹಾಕಿ ಸ್ನಾನ ಮಾಡಿಸಿದರು. ಜನಿವಾರ ಬದಲಾಯಿತು. ಪ್ಯಾಂಟು ಬೆಂಕಿಗೆ ಹೋಯಿತು. ಅಷ್ಟಾದರೂ ಊಟಕ್ಕೆ ಕೂತಾಗ ಅವನ ಎಲೆ ಅಡುಗೆಮನೆಯ ಬಾಗಿಲಿನಿಂದಾಚೆ ಬಿದ್ದಿತ್ತು. ಮಾರನೇ ದಿನವೂ ಹಾಗೇ. ಅದರ ಮಾರನೇ ದಿನ ಅವನು ಉಪ್ಪಿನಕಾಯಿ ಜಾಡಿಗೆ ಕೈ ಚಾಚಿದ್ದಕ್ಕೆ, “ಆ ಕೈಲಿ ಮುಟ್ಬೇಡ ಕಣೋ, ನಾನೇ ಬಡಿಸ್ತೀನಿ,” ಎಂದರು.

“ಎಷ್ಟು ದಿನ ಅಮ್ಮಾ?”

“ಏನು ಎಷ್ಟು ದಿನ?”

“ಈ ಕೈ ಯಾವಾಗ ಕೈ ಆಗತ್ತೆ?”

ಜಾನಕಮ್ಮ ಉಪ್ಪಿನಕಾಯನ್ನು ಮೇಲಿನಿಂದ ಎಲೆಗೆ ಹಾಕಿದರು. ಲೋಕವನ್ನೆಲ್ಲ ಕಂಡು ಮೂಗು ಸೊಟ್ಟ ಮಾಡುತ್ತಿದ್ದವನಿಗೆ, ತನ್ನನ್ನು ಕಂಡು ಮೂಗು ಸೊಟ್ಟ ಮಾಡುವವರ ಎದುರು ಕೂತು ಉಣ್ಣುವುದು ಹೇಗಿರುತ್ತದೆಂದು ಅಂದು ಗೊತ್ತಾಯಿತು.

ಕೋಲಾರದ ಕೋಣೆಯಲ್ಲಿ ಮಾಧವ್ ಕಥೆ ಕೇಳುತ್ತಾ ಕೇಳುತ್ತಾ ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡ. ಮೇಜಿನ ಮೇಲಿಟ್ಟ ಯಂತ್ರವನ್ನು ಪೇಪರಿನ ತುಂಡಿನಿಂದ ಇವನ ಕಡೆ ಸರಿಸಿದ. “ನೀವೇ ಇಟ್ಕೊಳ್ರೀ ಅದನ್ನ, ನಂಗೆ ಬೇಡ. ಅಲ್ರೀ, ಆ ಹೆಂಗಸು ಬಂದಿದ್ಲಲ್ಲ, ಅವಳ ಕೈಲೇ ತೆಗೆಸೋದು ಬಿಟ್ಟು...”

“ಹಿಡಿ ಸರಿಯಾಗಿದ್ದಿದ್ರೆ ಬೀಳ್ತಾನೇ ಇರ್ಲಿಲ್ಲ.”

“ಹಗ್ಗದಲ್ಲಿ ಕಟ್ಕೊಳ್ಳಿ.”

ನಂದಕಿಶೋರನಿಗೆ ಇವನ ಜೊತೆ ಮಾತಾಡಿದರೆ ಬಾಯಿ ಮುಕ್ಕಳಿಸಬೇಕೆನ್ನಿಸಿತು. ಯಂತ್ರ ಎತ್ತಿಕೊಂಡು ನೇರ ಮುಳಬಾಗಿಲಿನ ವೆಲ್ಡಿಂಗ್ ಅಂಗಡಿಯ ಆಂಜಿನಪ್ಪನ ಬಳಿಗೆ ಹೋದ. ಆಂಜಿನಪ್ಪ ಟ್ರ್ಯಾಕ್ಟರ್ ಟ್ರೈಲರುಗಳನ್ನು ಕಟ್ಟುವವನು. ಇಷ್ಟು ಚಿಕ್ಕ ಕೆಲಸ ನಮ್ಮದಲ್ಲ ಎಂದ. ಯಂತ್ರ ಎಲ್ಲಿಗೆ ಬಿದ್ದಿತ್ತೆಂದು ಕೇಳಿದ ಮೇಲಂತೂ ಕೈ ಹಿಂದಕ್ಕೆ ಕಟ್ಟಿಕೊಂಡ.

“ಕಬ್ಬಿಣ ನಾನು ನೋಡ್ಕೊಂತೀನಿ. ಅದನ್ನ ಮಾತ್ರ ನೀವೇ ಹಿಡ್ಕೊಳ್ಳಿ ಸಾಮಿ.”

ಹಾಗೆಯೇ ಆಯಿತು. ನಂದಕಿಶೋರ ಯಂತ್ರ ಹಿಡಿದುಕೊಂಡು ನಿಂತ, ಆಂಜಿನಪ್ಪ ದೂರದಿಂದಲೇ ಅಳತೆ ತೆಗೆದ. ಮೊದಲು ಮಾಡಿದ ತಗಡಿನ ತಟ್ಟೆ ಹ್ಯಾಂಡಲ್ ತಿರುಗಿಸಿದಾಗ ಪೆಟ್ರೋಲ್ ಟ್ಯಾಂಕಿಗೆ ತಾಗಿತು. ಎರಡನೆಯದು ತಾಗಲಿಲ್ಲ, ಆದರೆ ಇಂಜಿನ್ ಹಾಕಿದ್ದೇ ಗೆಜ್ಜೆಯಂತೆ ಗಲಗುಟ್ಟಿತು. ಇಬ್ಬರೂ ಬೈದಾಡಿಕೊಂಡರು. ಕೊನೆಗೆ ಟಿವಿ ಆಂಟೆನಾದ ಕಂಬ ಹಿಡಿಸುವ ಯು ಆಕಾರದ ಕಂಬಿಯನ್ನು ಹ್ಯಾಂಡಲಿನ ನಡುಭಾಗಕ್ಕೆ ಹಾಕಿ, ಕಬ್ಬಿಣ ಕಬ್ಬಿಣಕ್ಕೆ ತಾಗದಂತೆ ನಡುವೆ ಲಾರಿ ಟ್ಯೂಬಿನ ದಪ್ಪ ರಬ್ಬರ್ ಕೊಟ್ಟು, ನಟ್ಟಿನ ಮೇಲೊಂದು ನಟ್ಟು ಬಿಗಿದರು. ತಟ್ಟೆಯ ನಾಲ್ಕು ಬದಿಯನ್ನೂ ತುಟಿಯಂತೆ ಮಡಚಿ, ಒಳಗೂ ರಬ್ಬರ್ ಅಂಟಿಸಿ, ಯಂತ್ರವನ್ನು ಅದರಲ್ಲಿ ಕೂರಿಸಿ ಮೇಲೆ ಒಂದು ಅಡ್ಡಪಟ್ಟಿ ಹಾಕಿದರು. ಪರದೆ ತೆರೆದಿತ್ತು, ಗುಂಡಿಗಳಿಗೆ ಒತ್ತಡವಿರಲಿಲ್ಲ, ತಲೆಯ ಮೇಲೆ ಆಕಾಶವಿತ್ತು. ಸಾಲದ್ದಕ್ಕೆ ನಂದಕಿಶೋರ ಒಂದು ಗಟ್ಟಿ ನೈಲಾನ್ ದಾರವನ್ನು ಯಂತ್ರದ ಕಿವಿಗೆ ಪೋಣಿಸಿ ಹ್ಯಾಂಡಲಿಗೆ ಗಂಟು ಹಾಕಿದ. ಹಿಡಿ ಕೈಬಿಟ್ಟರೂ ದಾರ ಬಿಡಬಾರದು.

ನೋಡಲಿಕ್ಕೆ ದರಿದ್ರವಾಗಿತ್ತು, ಇಲಿಬೋನನ್ನು ಬೈಕಿಗೆ ಕಟ್ಟಿದ ಹಾಗೆ. ಆದರೆ ಅಲ್ಲಾಡಲಿಲ್ಲ. ಟೊಮೆಟೊ ಲಾರಿಗಳು ಕೊರೆದ ವಡ್ಡಹಳ್ಳಿಯ ಹೊಂಡಗಳಲ್ಲಿ ಅವನ ಬೆನ್ನುಮೂಳೆ ಕಳಚಿತೇ ಹೊರತು ಅದು ಕಳಚಲಿಲ್ಲ.

ಬಿಟ್ಟುಹೋಗಿದ್ದ ಆ ಹಳ್ಳಿಯ ಗೆರೆ ಪೂರ್ತಿ ಮಾಡಲು ಅವನು ಮತ್ತೆ ಹೋಗಲೇಬೇಕಾಯಿತು. ಗುಂಡಿ ಹಾಗೆಯೇ ಬಾಯಿ ಬಿಟ್ಟುಕೊಂಡಿತ್ತು. ಒಂದು ಜಾಲಿಮುಳ್ಳಿನ ಕೊಂಬೆ ಮಾತ್ರ ಅಡ್ಡ ಬಿದ್ದಿತ್ತು.

“ಇದಕ್ಕೊಂದು ಚಪ್ಪಡಿ ಹಾಕ್ಸಬಾರ್ದಾ?” ಎಂದ ಶ್ರೀನಿವಾಸಪ್ಪನಿಗೆ.

“ಮುಚ್ಚಿಬಿಟ್ರೆ ತುಂಬಿದಾಗ ತೆಗಿಸೋದು ಹೆಂಗೆ? ದಿನಾ ಚಪ್ಪಡಿ ಎತ್ತೋನ್ಯಾರು?” ಶ್ರೀನಿವಾಸಪ್ಪ ಅವನ ಬಲಗೈಯನ್ನೇ ನೋಡುತ್ತಾ, ಕಟ್ಟೆಯ ಮೇಲಿದ್ದ ಬೆಲ್ಲದ ಡಬ್ಬಿಯನ್ನು ಒಳಕ್ಕೆಳೆದುಕೊಂಡ.

ಅಂಗಡಿಗಳನ್ನೆಲ್ಲ ಗುರುತಿಸಬೇಕೆಂಬುದು ಕಂಪನಿಯ ನಿಯಮ. ನಂದಕಿಶೋರ ಆ ಅಂಗಡಿಯ ಎದುರು ಗುಂಡಿ ಒತ್ತಲಿಲ್ಲ. ಬೀದಿಯ ಕೊನೆಯಲ್ಲಿ ಟಾರು ನಿಂತು ಮಣ್ಣು ಶುರುವಾಗುತ್ತಿತ್ತು. ಅಲ್ಲಿಂದಾಚೆ ಕೇರಿ. ಬೈಕು ಅಲ್ಲಿಗೆ ತಿರುಗಿದಾಗ ಹಿಂದಿನಿಂದ ಯಾರೋ “ಸಾಮಿ, ಆ ಕಡೆ ದಾರಿ ಇಲ್ಲ!” ಎಂದು ಕೂಗಿದರು. ದಾರಿಯಿತ್ತು. ಮನೆಗಳ ನಡುವೆ ಸುತ್ತಿಕೊಂಡು ಹೋಗಿ ಒಂದು ಹುಣಸೆಮರದ ಕೆಳಗೆ ನಿಲ್ಲುತ್ತಿತ್ತು. ಮುನಿಶಾಮಮ್ಮ ಮರದ ಕೆಳಗೆ ಹುಣಸೆಹಣ್ಣು ಜಜ್ಜುತ್ತಿದ್ದಳು. ಅವನನ್ನು ಗುರುತಿಸಿ, “ಮತ್ತೆ ಏನಾರ ಬಿದ್ದೋಯ್ತಾ?” ಎಂದಳು.

“ಇಲ್ಲ. ನಿಮ್ಮ ಬೀದೀನ ನಕ್ಷೆಗೆ ಹಾಕ್ತಾ ಇದೀನಿ. ಇನ್ಮೇಲೆ ಎಲ್ಲಿಂದ ಯಾರು ಬಂದ್ರೂ ದಾರಿ ಸಿಗತ್ತೆ.”

ಅವಳು ಕೊಡತಿ ಕೆಳಗಿಟ್ಟು ಯೋಚಿಸಿದಳು. “ಇಲ್ಗೆ ಯಾರ್ ಬರ್ತಾರೆ ಸಾಮಿ? ಗುಂಡಿ ತುಂಬ್ದೋರು ಕರಿಯಕ್ಕೆ ಬರ್ತಾರೆ. ಅವ್ರಿಗೆ ದಾರಿ ಗೊತ್ತು.”

ನಂದಕಿಶೋರ ಗೆರೆ ಪೂರ್ತಿಯಾಗುವವರೆಗೆ ಕೇರಿಯಲ್ಲಿ ಎರಡು ಸುತ್ತು ಹಾಕಿ ವಾಪಸಾದ.

ಮುಂದಿನ ವರ್ಷ ಕೆಲಸ ಮುಗಿದು ಕಂಪನಿಯ ನಕ್ಷೆ ಸಿದ್ಧವಾಯಿತು. ಮಾಧವ್ ಎಲ್ಲರನ್ನೂ ಕರೆಸಿ ಸಿಹಿ ಹಂಚಿ, ಕಂಪ್ಯೂಟರಿನಲ್ಲಿ ತೋರಿಸಿದ. ನಂದಕಿಶೋರ ಆ ಹಳ್ಳಿಯನ್ನೇ ಹುಡುಕಿ ನೋಡಿದ. ಮುಖ್ಯ ಬೀದಿಯಿತ್ತು. ಆಮೇಲೆ ಹೋದ ಬೇರೆ ಯಾರೋ ಗುರುತಿಸಿದ್ದರಿಂದ ಶ್ರೀನಿವಾಸಪ್ಪನ ಅಂಗಡಿಯೂ ಹೆಸರಿನ ಸಮೇತ ಇತ್ತು. ಟಾರು ನಿಲ್ಲುವಲ್ಲಿಗೆ ಊರೂ ನಿಂತಿತ್ತು. ಅದರಾಚೆ ಖಾಲಿ ಹಸಿರು.

“ಇಲ್ಲೊಂದು ಬೀದಿ ಇತ್ತಲ್ಲ ಸಾರ್? ನಾನೇ ಹೋಗಿದ್ದೆ.”

ಮಾಧವ್ ಬಗ್ಗಿ ನೋಡಿದ. “ಅದು ಮುಂದಕ್ಕೆಲ್ಲೂ ಹೋಗಲ್ವಲ್ರೀ, ಅಲ್ಲೇ ಸತ್ತೋಗತ್ತೆ. ಅಂಥವನ್ನೆಲ್ಲ ತೆಗ್ದುಬಿಟ್ವಿ. ಸುಮ್ನೆ ಗಲೀಜು ಕಾಣ್ಸತ್ತೆ ನಕ್ಷೆಲಿ.” ಹಾಗೆಂದು ಬೆರಳಿಗಂಟಿದ ಮೈಸೂರುಪಾಕನ್ನು ನೆಕ್ಕಿಕೊಂಡ.

ನಂದಕಿಶೋರ ಕೆಳಗಿಳಿದು ಹೋಗಿ, ಹಿಡಿಯ ಅಡ್ಡಪಟ್ಟಿ ಬಿಚ್ಚಿ, ದಾರದ ಗಂಟು ಕತ್ತರಿಸಿ, ಯಂತ್ರವನ್ನು ತಂದು ಸಿಹಿಯ ಡಬ್ಬಿಯ ಪಕ್ಕದಲ್ಲೇ ಇಟ್ಟ. ಮಾಧವ್ ಗಾಬರಿಯಿಂದ ಡಬ್ಬಿಯನ್ನು ಎತ್ತಿಕೊಂಡ. ಎರಡನೇ ಹಂತದ ಕೆಲಸವಿದೆ, ಚಿಕ್ಕಬಳ್ಳಾಪುರದ ಕಡೆ ಕಳಿಸುತ್ತೇವೆ ಎಂದು ಕೂಗಿ ಹೇಳಿದರೂ ಅವನು ನಿಲ್ಲಲಿಲ್ಲ.

ಆ ವರ್ಷದ ಕೊನೆಗೆ ಅವನಿಗೆ ವೇಮಗಲ್ ಹತ್ತಿರದ ಒಂದು ಕಾರ್ಖಾನೆಯಲ್ಲಿ ಲೆಕ್ಕದ ಕೆಲಸ ಸಿಕ್ಕಿತು. ಅಲ್ಲಿನ ಕ್ಯಾಂಟೀನಿನ ಲೋಟಗಳು ಕೊಳಕೇ ಇದ್ದವು, ಪಕ್ಕದವನು ದಿನವಿಡೀ ಉಗುರು ಕಚ್ಚುತ್ತಿದ್ದ. ನಂದಕಿಶೋರ ಏನೂ ಅನ್ನದೆ ಕೂತು ಕೆಲಸ ಮಾಡಿದ. ಆ ಕಾರ್ಖಾನೆಯಲ್ಲಿ ಕಕ್ಕಸಿನ ಕೊಳವೆ ಕಟ್ಟಿಕೊಂಡು, ಯಾರೋ “ಗುಡಿಸೋ ಹೆಂಗಸನ್ನ ಕರೀರಿ” ಎಂದ ದಿನ ಮಾತ್ರ ಎದ್ದು ನಿಂತು, ಪಟ್ಟಣದಿಂದ ಹೊಲಸು ಹೀರುವ ಯಂತ್ರದ ಗಾಡಿ ಬರುವವರೆಗೂ ಬಾಗಿಲಿಗೆ ಅಡ್ಡ ನಿಂತು ಜಗಳವಾಡಿದ. ಅಲ್ಲಿನವರು ಅವನನ್ನು ತಿಕ್ಕಲನೆಂದರು. ಅವನು ಅವರೆಲ್ಲರ ಮುಖವನ್ನು ಒಂದೊಂದಾಗಿ ನೋಡಿ, ಕಿಟಕಿಯಾಚೆಗೆ ಉಗುಳಿ ಬಂದು ಕೂತ.